ಹೊರಗಿಟ್ಟ ಉಡಿ

ಹೋದ ತಿಂಗಳು ನಮ್ಮ ವಕೀಲರ ಸಂಘದ ಕೋಣೆಯಲ್ಲಿ ವಕೀಲೆ ಬಾಯಾರ ಶ್ರದ್ಧಾಂಜಲಿ ಸಭೆ ನಡೆಯಿತು. ಊಟ ಮುಗಿಸಿ ಎಲ್ಲರಿಗೂ ಕಣ್ಣು ಎಳೆಯುವ ಹೊತ್ತು. ಫೋಟೊಕ್ಕೆ ಹಾಕಿದ್ದ ಸೇವಂತಿಗೆ ಮಾಲೆ ಫ್ಯಾನಿನ ಗಾಳಿಗೆ ಜಾರಿ ಜಾರಿ ಅವರ ಮುಖವನ್ನೇ ಮುಚ್ಚುತ್ತಿತ್ತು. ಯಾರೂ ಎದ್ದು ಸರಿಮಾಡಲಿಲ್ಲ, ನಾನೂ ಏಳಲಿಲ್ಲ. ಮಾತಾಡಿದವರದೆಲ್ಲ ಒಂದೇ ಮಾತು: ಬಾಯಾರು ಎಷ್ಟೊಂದು ಕೇಸು ರಾಜಿ ಮಾಡಿಸಿದರು, ಎಷ್ಟು ಮನೆ ಉಳಿಸಿದರು. ಒಬ್ಬ ಪುಣ್ಯಾತ್ಮ ಅಂಕಿ ಸಂಖ್ಯೆಯನ್ನೇ ಚೀಟಿಯಲ್ಲಿ ಬರೆದುಕೊಂಡು ಬಂದಿದ್ದ. ಆಮೇಲೆ ಮೌನ. ಮೌನದ ನಡುವೆ ಯಾರದೋ ಫೋನು ಹಾಡಿತು. ಚಹಾ ಬಂತು, ಮುಗಿಯಿತು.

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಗದಗಿನ ಕೋರ್ಟಿನ ಈ ಮೆಟ್ಟಿಲು ಹತ್ತಿಳಿದು ಹತ್ತಿಳಿದು ಸಿಟ್ಟು ಮಾಡುವ ಕಸುವೂ ಹೋಗಿಬಿಟ್ಟಿದೆ. ಬಾಯಾರು ಅಲ್ಲಿ ಕೂತಿದ್ದರೆ ಅವರೇ ಹೇಳುತ್ತಿದ್ದರು, “ಸಾಕ್ರಿಪಾ, ಮುಗಸ್ರಿ. ಹೊರಗ ಮಂದಿ ಕಾಯಾಕತ್ತಾರ.” ಅವರು ಮಾಡಿಸಿದ ರಾಜಿಗಳು ನನಗೆ ಅಷ್ಟಾಗಿ ನೆನಪಿಲ್ಲ. ಎಲ್ಲರೂ ಒಪ್ಪಿ, ಕಾಗದ ತಯಾರಾಗಿ, ಪೆನ್ನಿನ ಕ್ಯಾಪು ತೆಗೆದ ಮೇಲೂ ಅವರು ಒಲ್ಲೆ ಎಂದು ಬಿಟ್ಟ ಒಂದು ಕೇಸು ಮಾತ್ರ ಮರೆಯಲಾಗುತ್ತಿಲ್ಲ.

ಅವರಿಗೊಂದು ಹೆಸರಿತ್ತು. ವಕಾಲತ್ತಿನ ಮೇಲೆ ಬಿಟ್ಟರೆ ಅದನ್ನು ಯಾರೂ ಬಳಸಿದ್ದು ನಾನು ಕಾಣೆ. ಜಡ್ಜ್ ಸಾಹೇಬರಿಂದ ಹಿಡಿದು ಗೇಟಿನ ಬಳಿ ಶೇಂಗಾ ಮಾರುವವಳವರೆಗೆ ಎಲ್ಲರಿಗೂ ಬಾಯಾರು. ಶಿರಹಟ್ಟಿಯ ಮಗಳು, ಲಕ್ಷ್ಮೇಶ್ವರದ ಸೊಸೆ. ಮದುವೆಯಾದ ಮೇಲೆ ಕಾನೂನು ಓದಿ, ದಿನಾ ಲಕ್ಷ್ಮೇಶ್ವರದಿಂದ ಬಸ್ಸಿನಲ್ಲಿ ಬಂದು ವಕೀಲಿ ಮಾಡಿದವರು. ಕುಳ್ಳಗಿನ ದೇಹ, ದಪ್ಪ ಗಾಜಿನ ಚಾಳೀಸು, ಹೆಗಲಿಗೊಂದು ಬಟ್ಟೆ ಚೀಲ. ಚೀಲದಲ್ಲಿ ಮನೆಯ ನೀರು, ಎರಡು ರೊಟ್ಟಿ, ಒಂದು ಗಂಟು ಹುರಿದ ಶೇಂಗಾ. ಕೇಸಿನ ಕಾಗದಕ್ಕೆ ಅದರಲ್ಲಿ ಕೊನೆಯ ಜಾಗ.

ಕೋರ್ಟಿನಲ್ಲಿ ಮಧ್ಯಸ್ಥಿಕೆ ಕೇಂದ್ರ ಅಂತ ಶುರುವಾದಾಗ ನಾವೆಲ್ಲ ನಕ್ಕವರೇ. ಹಳೆಯ ದಫ್ತರದ ಕೋಣೆಯೊಂದನ್ನು ಖಾಲಿ ಮಾಡಿ, ಒಂದು ದುಂಡು ಟೇಬಲ್ಲು ಹಾಕಿ, ತರಬೇತಿ ಪಡೆದು ಬಂದ ಬಾಯಾರನ್ನು ಅಲ್ಲಿ ಕೂರಿಸಿದರು. “ಬಾಯಾರ ಪಂಚಾಯ್ತಿ ಕಟ್ಟಿ” ಎಂದು ನಾವು ಅದಕ್ಕೆ ಹೆಸರಿಟ್ಟೆವು. ಆಗ ಕಕ್ಷಿದಾರರೂ ಹಾಗೇ ಇದ್ದರು. ರಾಜಿ ಎಂದರೆ ಸಾಕು, “ನಾ ಏನ್ ಸೋತೀನೇನ್ರಿ ರಾಜಿ ಆಗಾಕ?” ಎಂದು ಮೀಸೆ ಕುಣಿಸುತ್ತಿದ್ದರು. ಈಗ ಕಾಲ ತಿರುಗಿದೆ. ಗೇಟಿಗೆ ಬ್ಯಾನರು, ಬಸ್ ನಿಲ್ದಾಣದಲ್ಲಿ ಬ್ಯಾನರು, ಮೊಬೈಲಿಗೆ ಸಂದೇಶ. ಬ್ಯಾಂಕಿನವರು ಬರುತ್ತಾರೆ, ವಿಮೆಯವರು ಬರುತ್ತಾರೆ, ಗಂಡ ಹೆಂಡತಿ ಬರುತ್ತಾರೆ. ಮೊನ್ನೆ ಚಹಾದಂಗಡಿಯವನು ತನ್ನ ಪಕ್ಕದ ಪಾನಂಗಡಿಯವನ ಜೊತೆಗಿನ ಕಟ್ಟೆ ಜಗಳ ಹೇಳಿಕೊಂಡು, “ಇದನ್ನ ಮೀಡಿಯೇಷನ್‌ಗೆ ಹಾಕಾಕ ಬರತೈತೇನ್ರಿ?” ಎಂದು ಕೇಳಿದ. ಒಳ್ಳೆಯದೇ. ಕೋರ್ಟು ಕೋರ್ಟು ಎಂದು ಅಲೆದು ಮುದುಕರಾಗುವುದಕ್ಕಿಂತ ಎಷ್ಟೋ ಪಾಲು ಒಳ್ಳೆಯದು. ಆದರೆ ಒಳ್ಳೆಯದಕ್ಕೂ ಒಂದು ಅವಸರ ಅಂಟಿಕೊಳ್ಳುತ್ತದೆ ನೋಡಿ, ಅದು ನನ್ನನ್ನು ದಣಿಸುತ್ತದೆ. ಇಷ್ಟು ಕೇಸು ಕಳಿಸಿದ್ದೇವೆ, ಎಷ್ಟು ಮುಗಿದವು? ತಿಂಗಳ ಕೊನೆಗೆ ಇದೊಂದೇ ಪ್ರಶ್ನೆ.

ಬಾಯಾರಿಗೆ ಅವಸರ ಎಂಬುದೇ ಗೊತ್ತಿರಲಿಲ್ಲ. ಒಳಗೆ ಬಂದವರೇ ಕರಿ ಕೋಟು ಬಿಚ್ಚಿ ಗೋಡೆಯ ಮೊಳೆಗೆ ತೂಗುಹಾಕುವರು. ಆ ಮೊಳೆಗೆ ಕೋಟು ಬಿದ್ದಿತೆಂದರೆ ಅವರು ವಕೀಲರಲ್ಲ. ನಾವು ಕೋಟು ಹಾಕಿಕೊಂಡೇ ಕೂತರೆ, “ವಕೀಲರ, ನಿಮಗ ಶೆಕಿ ಆಗಾಕತ್ತಿಲ್ಲೇನು?” ಎಂದು ಮೆಲ್ಲಗೆ ಚುಚ್ಚುವರು. ಆಮೇಲೆ ಶೇಂಗಾದ ಗಂಟು ಬಿಚ್ಚಿ ಟೇಬಲ್ಲಿನ ನಡುವೆ ಸುರಿಯುವರು. “ಸುಲೀರಿ. ಬಾಯಿ ತನ್ನ ಕೆಲಸ ತಾ ಮಾಡತೈತಿ, ಕೈ ಸುಮ್ಮನ ಕುಂತ್ರ ಮುಷ್ಟಿ ಆಕ್ಕೈತಿ.” ಹತ್ತು ವರ್ಷ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಗುಡ್ಡೆಯಿಂದ ಶೇಂಗಾ ಎತ್ತುತ್ತಾ ಒಬ್ಬರನ್ನೊಬ್ಬರು ಬೈಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಿಪ್ಪೆ ಗುಡಿಸುವವನು ಮಾತ್ರ ಬಾಯಾರಿಗೆ ಶಾಪ ಹಾಕುತ್ತಿದ್ದ.

ಹೊಂಬಳದ ಇಬ್ಬರು ರೈತರು ಹೊಲದ ಹಾದಿಗಾಗಿ ಹೊಡೆದಾಡಿ ಬಂದಿದ್ದರು. ಇಬ್ಬರೂ ಮುಖ ಆ ಕಡೆ ಈ ಕಡೆ ತಿರುಗಿಸಿ ಕೂತಿದ್ದಾರೆ. ಬಾಯಾರು ಹಾದಿಯ ಮಾತೇ ಎತ್ತಲಿಲ್ಲ.

“ಹ್ಯಾಂಗ ಬಂದ್ರಿ?” ಎಂದರು.

“ಟಂಟಂ ಗಾಡ್ಯಾಗ್ರಿ.”

“ನೀವು?”

“ನಾನೂ ಅದರಾಗ ಬಂದೇನ್ರಿ. ಬ್ಯಾರೆ ಟಂಟಂ ಇರಲಿಲ್ಲ.”

“ಎಷ್ಟು ಮಂದಿ ಇದ್ರಿ ಅದರಾಗ?”

“ಏನ್ ಕೇಳ್ತೀರ್ರಿ ಬಾಯಾರ, ಕುರಿ ತುಂಬಿದಂಗ ತುಂಬಿದ್ದ.”

“ಹಂಗಾದ್ರ ಯಾರು ಯಾರ ತೊಡಿ ಮ್ಯಾಲ ಕುಂತಿದ್ರಿ?”

ಇಬ್ಬರೂ ಮೊದಲು ಕೆಂಪಾದರು, ಆಮೇಲೆ ಒಬ್ಬ ಕಿಸಕ್ಕನೆ ನಕ್ಕ. ಹಾದಿಯ ಮಾತು ಅಲ್ಲಿಂದ ಶುರುವಾಯಿತು. ಅವತ್ತೇ ಮುಗಿಯಲಿಲ್ಲ, ಇನ್ನೂ ಹಲವು ಸಲ ಬಂದರು. ಬಾಯಾರ ಕೆಲಸವೇ ಹಾಗೆ. ನಮ್ಮ ಹೊಟ್ಟೆ ಹಸಿದು ಬೆನ್ನಿಗೆ ಹತ್ತಿದರೂ ಅವರು ಯಾರದೋ ಅತ್ತೆಯ ಕಥೆ ಕೇಳುತ್ತಾ ಕೂತಿರುತ್ತಿದ್ದರು.

ಇನ್ನೊಂದು ರೂಢಿಯಿತ್ತು ಅವರಿಗೆ. ಯಾರಾದರೂ ಅಳಲು ಶುರುಮಾಡಿದರೆ ಚಾಳೀಸು ತೆಗೆದು ಸೆರಗಿನಿಂದ ಒರೆಸುತ್ತಾ ಕೂಡುವರು. ಎಷ್ಟು ಹೊತ್ತು ಅಳುತ್ತಾರೋ ಅಷ್ಟು ಹೊತ್ತು ಒರೆಸುವರು. ಅದೇನು ಚಾಳೀಸಿಗೆ ಅಷ್ಟು ಹೊಲಸು ಎಂದು ಒಮ್ಮೆ ಕೇಳಿದೆ. “ಹೊಲಸಿಲ್ಲರಿ. ಇದನ್ನ ತಗದ್ರ ನನಗ ಮುಂದಿನವರ ಮಾರಿ ಕಾಣಂಗಿಲ್ಲ. ಅಳಾಕ ಬಂದವರು ಅತ್ತು ಹಗುರಾಗಲಿ. ಅಳೂದನ್ನ ನೋಡಾಕ ನಾ ಯಾರು?” ಎಂದರು.

ದಣಿವು ಅವರಿಗೂ ಇತ್ತು, ಬೇಕಾದಷ್ಟಿತ್ತು. ಸಂಜೆ ಬಸ್ಸಿಗೆ ಹೊತ್ತಾಗುವವರೆಗೆ ಪಡಸಾಲೆಯ ಬೆಂಚಿನ ಮೇಲೆ ಕಾಲು ಚಾಚಿ ಕೂತು, “ಮಂದಿ ಜಗಳಾ ಕೇಳಿ ಕೇಳಿ ನನ್ನ ಕಿವಿಗೆ ನನಗಿಂತ ಮೊದಲ ಮುಪ್ಪು ಬಂತ್ರಿ” ಎನ್ನುವರು. ಆದರೆ ತಮ್ಮ ದಣಿವು ಬಲ್ಲವರಾದ್ದರಿಂದಲೋ ಏನೋ, ಬೇರೆಯವರ ದಣಿವನ್ನು ಬಾಗಿಲಲ್ಲೇ ಗುರುತಿಸುತ್ತಿದ್ದರು. ಯಾರಾದರೂ “ಏನ ಮಾಡ್ತೀರೋ ಮಾಡ್ರಿ, ಸಹಿ ಎಲ್ಲಿ ಮಾಡ್ಲಿ?” ಎಂದರೆ ನಮಗೆಲ್ಲ ಕೇಸು ಮುಗಿಯಿತೆಂಬ ಖುಷಿ. ಬಾಯಾರು ಮಾತ್ರ ಅಲ್ಲಿಗೆ ಕಾಗದ ಮುಚ್ಚುವರು. “ಇವರು ಒಪ್ಪಿಲ್ಲ, ದಣದಾರ. ಮನಿಗೆ ಹೋಗಿ ಮಕ್ಕೊಂಡು ಬರ್ರಿ” ಎಂದು ಮುಂದಿನ ತಾರೀಖು ಕೊಡುವರು. ನಾವು ವಕೀಲರು ಹಣೆ ಹಣೆ ಬಡಿದುಕೊಳ್ಳುತ್ತಿದ್ದೆವು.

ಈ ಬುದ್ಧಿ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ, ಪೆಟ್ಟು ತಿಂದು ಬಂದದ್ದು. ಅದನ್ನು ಅವರೇ ಹೇಳಿದ್ದು, ಆ ಬೆಂಚಿನ ಮೇಲೆ.

ಕೇಂದ್ರ ಹೊಸದಾಗಿದ್ದಾಗ ಲಕ್ಷ್ಮೇಶ್ವರದ ಕಡೆಯ ಒಂದು ಅಣ್ಣ ತಂಗಿಯ ಕೇಸು ಬಂದಿತ್ತಂತೆ. ತಂಗಿ ತಂದೆಯ ಆಸ್ತಿಯಲ್ಲಿ ಪಾಲು ಕೇಳಿದ್ದಳು. ಕೂಡಿಸಿ ಮಾತಾಡುವಾಗ ಅಣ್ಣ ಕಣ್ಣೀರು ಹಾಕಿದ. ಅಣ್ಣನ ಹೆಂಡತಿ ಚೀಲದಿಂದ ಅಕ್ಕಿ, ಕಾಯಿ, ಎಲೆ ಅಡಿಕೆ, ಅರಿಶಿಣದ ಕೊಂಬು, ಕುಬಸದ ಖಣ ತೆಗೆದು, ಅಲ್ಲೇ ಆ ಟೇಬಲ್ಲಿನ ಪಕ್ಕದಲ್ಲೇ ನಾದಿನಿಗೆ ಉಡಿ ತುಂಬಿದಳು. ನಮ್ಮ ಸೀಮೆಯಲ್ಲಿ ತವರಿನ ಉಡಿ ಎಂದರೆ ಏನೆಂದು ಹೇಳಬೇಕಿಲ್ಲ. ಸೆರಗು ಒಡ್ಡಿ ಉಡಿ ತುಂಬಿಸಿಕೊಂಡ ಹೆಣ್ಣುಮಗಳು ಆ ಗಳಿಗೆಯಲ್ಲಿ ತವರಿಗೆ ಇಲ್ಲ ಎನ್ನುವುದುಂಟೆ? ಆಕೆ ಉಡಿ ಕಟ್ಟಿಕೊಂಡು ಪಾಲು ಬಿಟ್ಟುಕೊಟ್ಟು ಸಹಿ ಮಾಡಿದಳು. ಎಲ್ಲರೂ ಚಪ್ಪಾಳೆ ಹೊಡೆದರು. ಫೋಟೊ ತೆಗೆದರು. ಬಾಯಾರೂ ಫೋಟೊದಲ್ಲಿ ನಕ್ಕರು.

ಮುಂದಿನ ವರ್ಷ ನಾಗರ ಪಂಚಮಿಯ ಮುನ್ನಾ ದಿನ ಲಕ್ಷ್ಮೇಶ್ವರದ ಬಸ್ ನಿಲ್ದಾಣದಲ್ಲಿ ಆಕೆ ಕಂಡಳು. ಹಬ್ಬಕ್ಕೆ ತವರಿಗೆ ಹೊರಟೆಯಾ ಎಂದು ಬಾಯಾರು ಕೇಳಿದ್ದಕ್ಕೆ, ಅಣ್ಣ ಕರೆಯಲು ಬರಲಿಲ್ಲ ಎಂದಳು. “ಹಂಗಾದ್ರ ಅವತ್ತು ಯಾಕವ್ವಾ ಸಹಿ ಮಾಡಿದಿ?” ಎಂದರೆ, “ಉಡಿ ಒಡ್ಡಿದ ಮ್ಯಾಲ ಇಲ್ಲ ಅನ್ನಾಕ ಬರತೈತೇನ್ರಿ ಬಾಯಾರ? ನೀವೂ ಹೆಣ್ಣಮಗಳು ಅಲ್ಲೇನು? ನಿಮಗ ಗೊತ್ತಿರಲಿಲ್ಲೇನು?” ಎಂದು ಕೇಳಿದಳಂತೆ.

“ಗೊತ್ತಿತ್ತರಿ ವಕೀಲರ, ನನಗ ಗೊತ್ತಿತ್ತು” ಎಂದರು ಬಾಯಾರು. “ಆದರ ಅವತ್ತು ಕೇಸ್ ಮುಗದ ಖುಷಿಯೊಳಗ ಅದು ನನ್ನ ಕಣ್ಣಿಗೆ ಕಾಣಲಿಲ್ಲ.” ಅಂದಿನಿಂದ ಅವರ ಕೋಣೆಗೊಂದು ಕಟ್ಟಳೆ ಬಂತು. ಸಹಿಯಾಗುವ ತನಕ ಉಡಿಯ ಸಾಮಾನು ಒಳಗೆ ಬರುವಂತಿಲ್ಲ.

ಈಗ ನಾನು ಹೇಳಬೇಕೆಂದು ಕೂತ ಕೇಸಿಗೆ ಬರುತ್ತೇನೆ. ಬೆಟಗೇರಿಯ ಫಕೀರಪ್ಪ ನನ್ನ ಕಕ್ಷಿದಾರ. ಸೀರೆ ನೇಯುವ ಮನೆತನ. ಆತನ ತಂಗಿ ನೀಲವ್ವನನ್ನು ಮುಂಡರಗಿಗೆ ಕೊಟ್ಟಿದ್ದರು. ಗಂಡ ಗೋವಾಕ್ಕೆ ದುಡಿಯಲು ಹೋದವನು ಹೋದವನೇ, ಇದ್ದಾನೆಂಬ ಖಬರು ಮಾತ್ರ ಆಗಾಗ ಬರುತ್ತಿತ್ತು. ಅತ್ತೆಯ ಮನೆಗೆ ಭಾರವಾಗಿ, ನೀಲವ್ವ ಬೆಟಗೇರಿಗೆ ವಾಪಸ್ಸು ಬಂದಳು. ಅಣ್ಣನ ಮನೆಯಲ್ಲಿ ಕೆಲವು ವರ್ಷ ಇದ್ದು, ಅಲ್ಲೂ ಭಾರವಾಗಿ, ಎರಡು ಓಣಿ ಆಚೆ ಬಾಡಿಗೆಗೆ ಹೋದಳು. ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತಿಕೊಟ್ಟು ಹೊಟ್ಟೆ ಹೊರೆಯುತ್ತಿದ್ದಳು. ಆಕೆ ಪಾಲಿನ ದಾವೆ ಹಾಕಿದಳು. ಕಾನೂನಿನ ಪ್ರಕಾರ ಮನೆಯಲ್ಲಿ ಸರಿಯರ್ಧ ಆಕೆಯದೇ. ಆದರೆ ಆಕೆ ಕೇಳುತ್ತಿದ್ದುದು ಬೀದಿ ಕಡೆಯ ಒಂದೇ ಒಂದು ಕೋಣೆ, ತನ್ನ ಹೆಸರಿಗೆ.

ಆ ಕೋಣೆಯಲ್ಲೇ ತೊಡಕು. ಅಲ್ಲಿ ಅವರ ಅಪ್ಪ ನೆಲ ತೋಡಿ ಕೂಡಿಸಿದ ಕುಣಿಮಗ್ಗವಿತ್ತು. ಮಗ್ಗದ ಕುಣಿಯನ್ನು ಎತ್ತಿ ಬೇರೆ ಕಡೆ ಇಡಲು ಬರುವುದಿಲ್ಲ. “ಆಕಿ ದಿನಾ ನಮ್ಮ ಮನ್ಯಾಗ ಉಣ್ಣಲಿ, ನಾ ಬ್ಯಾಡ ಅನ್ನಂಗಿಲ್ಲ. ಕಾಗದದ ಮ್ಯಾಲ ಮಾತ್ರ ಬ್ಯಾಡ” ಎನ್ನುತ್ತಿದ್ದ ಫಕೀರಪ್ಪ. ಆತ ಕೆಟ್ಟವನಲ್ಲ. ತಂಗಿಯ ಮೇಲೆ ಪ್ರೀತಿ ಖರೇನೇ ಇತ್ತು. ತವರುಮನೆ ಎಂದರೆ ಬಂದು ಹೋಗುವ ಮನೆ ಎಂದು ಆತನ ತಲೆಯಲ್ಲಿ ಕೂತುಬಿಟ್ಟಿತ್ತು, ಅಷ್ಟೇ.

ಆಗ ರಾಜಿಯ ಅಭಿಯಾನ ಜೋರು ನಡೆದಿತ್ತು. ಈ ಕೇಸೂ ಬಾಯಾರ ಟೇಬಲ್ಲಿಗೆ ಬಂತು. ಎರಡು ಮೂರು ಸಲ ಕೂತರೂ ನೀಲವ್ವ ಬಾಯಿ ಬಿಡಲಿಲ್ಲ, ಶೇಂಗಾ ಸುಲಿದು ಕಾಳನ್ನು ಅಣ್ಣನ ಕಡೆ ಸರಿಸುತ್ತಿದ್ದಳು. ಚಿಕ್ಕಂದಿನ ರೂಢಿ ಇರಬೇಕು. ಆತನೂ ತಿನ್ನುತ್ತಿದ್ದ. ಒಂದು ದಿನ ಫಕೀರಪ್ಪ, “ನಿನಗ ಮನಿ ಇಲ್ಲೇನವ್ವಾ? ನನ್ನ ಮನಿ ನಿನ್ನ ಮನಿ ಅಲ್ಲೇನು?” ಎಂದ. ಆಗ ಆಕೆ ಮಾತಾಡಿದಳು.

“ಮುಂಡರಗ್ಯಾಗ ನಮ್ಮತ್ತಿ ಸಿಟ್ಟಿಗೆದ್ದಾಗೊಮ್ಮೆ ‘ನಿನ್ನ ಮನಿಗೆ ಹೋಗ’ ಅಂತಿದ್ಲು. ಇಲ್ಲಿ ನಿನ್ನ ಮನಿಗೆ ಬಂದ ಬೀಗರೆಲ್ಲಾ ‘ನಿನ್ನ ಮನಿಗೆ ಯಾವಾಗ ಹೊಂಟಿ’ ಅಂತ ಕೇಳ್ತಿದ್ರು. ನನ್ನ ಮನಿ ಯಾವುದಣ್ಣಾ? ಒಂದು ಬಾಗಲಾ ಕೊಡು ಸಾಕು, ಒಳಗಿಂದ ಚಿಲಕಾ ಹಾಕ್ಕೊಳ್ಳಾಕ ಬರೂವಂಥದ್ದು. ಯಾರೂ ಎದ್ದು ಹೋಗು ಅನಬಾರದು.”

ಬಾಯಾರು ಚಾಳೀಸು ತೆಗೆದು ಒರೆಸತೊಡಗಿದರು. ನೀಲವ್ವ ಅಳುತ್ತಿರಲಿಲ್ಲ. ಅಳುತ್ತಿದ್ದುದು ಫಕೀರಪ್ಪ.

ಮುಂದಿನ ತಾರೀಖಿಗೆ ಮುಗಿಯುತ್ತದೆ ಎಂದು ನನಗೆ ಭರವಸೆ ಬಂತು. ಫಕೀರಪ್ಪನ ಕಡೆಯ ಹಿರಿಯರು ನಡುವೆ ನೀಲವ್ವನ ಬಾಡಿಗೆ ಮನೆಗೆ ಹೋಗಿ ಬಂದರು, ಮತ್ತೆ ಮತ್ತೆ ಹೋಗಿ ಬಂದರು. ಕೊನೆಗೆ ಆಕೆ ಹೂಂ ಅಂದಳೆಂದು ಸುದ್ದಿ ತಂದರು. ಪಾಲು ಬಿಡುತ್ತಾಳೆ, ಅಣ್ಣ ಬದುಕಿರುವ ತನಕ ವರ್ಷಾ ಪಂಚಮಿಗೆ ಕರೆಸಿ ಉಡಿ ತುಂಬುತ್ತಾನೆ, ಕಷ್ಟಕ್ಕೆ ಆಗುತ್ತಾನೆ. ನಾನು ಕಾಗದ ತಯಾರಿಸಿದೆ. ಆಕೆಯ ವಕೀಲರೂ ತಲೆ ಆಡಿಸಿದರು. ಅವತ್ತು ಫಕೀರಪ್ಪನ ಹೆಂಡತಿ ಒಂದು ಹೊಸ ಬುಟ್ಟಿಯ ಮೇಲೆ ಖಣ ಮುಚ್ಚಿಕೊಂಡು ಬಂದಳು. ಎಲ್ಲರ ಮುಖದ ಮೇಲೂ ಮದುವೆ ಮನೆಯ ಕಳೆ.

“ಅದು ಏನವ್ವಾ?” ಎಂದರು ಬಾಯಾರು.

“ಉಡೀರಿ. ನಮ್ಮ ನೀಲವ್ವಗ.”

“ಭಾಳ ಛಲೋ ಆತು. ಪಡಸಾಲ್ಯಾಗ ಬೆಂಚಿನ ಮ್ಯಾಲ ಇಟ್ಟು ಬಾ.”

ಆಕೆಯ ಮುಖ ಸಣ್ಣದಾಯಿತು. ಉಡಿಯನ್ನು ಹೊರಗಿಡುವುದೆಂದರೇನು? ಫಕೀರಪ್ಪನೂ ಮುಖ ಗಂಟಿಕ್ಕಿದ. ಬಾಯಾರು ಜಗ್ಗಲಿಲ್ಲ. ಬುಟ್ಟಿ ಹೊರಗೆ ಹೋಯಿತು. ಆಮೇಲೆ ನಮ್ಮನ್ನೂ ಹೊರಗೆ ಕಳಿಸಿ, ನೀಲವ್ವನೊಬ್ಬಳನ್ನೇ ಕೂರಿಸಿಕೊಂಡು ಮಾತಾಡಿದರು. ಒಳಗೆ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಅದನ್ನು ಹೊರಗೆ ಹೇಳುವಂತಿಲ್ಲ, ಬಾಯಾರು ಹೇಳಿದವರೂ ಅಲ್ಲ. ಬಾಗಿಲು ತೆರೆದು ನಮ್ಮನ್ನು ಕರೆದಾಗ ನೀಲವ್ವ ಗೋಡೆ ನೋಡುತ್ತಾ ಕೂತಿದ್ದಳು.

“ಸಹಿ ಎಲ್ಲಿ ಮಾಡ್ಲಿರಿ?” ಎಂದಳು ನನ್ನನ್ನು ನೋಡಿ.

ನಾನು ಪೆನ್ನಿನ ಕ್ಯಾಪು ತೆಗೆದೆ. ಬಾಯಾರು ಆ ಕಾಗದದ ಮೇಲೆ ಕೈ ಇಟ್ಟರು.

“ಫಕೀರಪ್ಪನವರ, ನೀವು ಇರೂ ತನಕ ಉಡಿ ತುಂಬತೀರಿ. ಆಮ್ಯಾಲ?”

“ನನ್ನ ಮಗಾ ತುಂಬತಾನ್ರಿ.”

“ಮಗನ್ನ ಕೇಳೀರೇನು?”

ಫಕೀರಪ್ಪ ಹೆಂಡತಿಯ ಕಡೆ ನೋಡಿದ. ಮಗ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ, ಸೋದರತ್ತೆಯ ಹೆಸರೆತ್ತಿದರೆ ಸಿಡುಕುತ್ತಿದ್ದನೆಂಬುದು ಎಲ್ಲರಿಗೂ ಗೊತ್ತಿತ್ತು.

“ಇದು ಆಗಂಗಿಲ್ಲ” ಎಂದರು ಬಾಯಾರು. ಹಾಗೆಂದವರೇ ಎದ್ದು ಮೊಳೆಯಿಂದ ಕೋಟು ತೆಗೆದುಕೊಂಡರು. ವರದಿಯಲ್ಲಿ ‘ರಾಜಿ ಆಗಿಲ್ಲ’ ಎಂದು ಬರೆದು ಕಳಿಸಿದರು.

ನಾನು ಅವರ ಬೆನ್ನುಹತ್ತಿ ಬಂದು ಪಡಸಾಲೆಯಲ್ಲೇ ಜಗಳಕ್ಕೆ ನಿಂತೆ. “ಎಲ್ಲಾರೂ ಒಪ್ಪಿದ್ರಲ್ಲರಿ ಬಾಯಾರ! ಆಕಿ ತಾನಾ ಸಹಿ ಮಾಡ್ತೀನಿ ಅಂದ್ಲು. ನೀವ್ಯಾರ್ರಿ ಬ್ಯಾಡ ಅನ್ನಾಕ?”

“ನಾ ಬ್ಯಾಡ ಅನ್ನಲಿಲ್ಲ. ಆಕಿ ಸಹಿ ಮಾಡೂದು ಬ್ಯಾರೆ, ಒಪ್ಪೂದು ಬ್ಯಾರೆ. ಆಕಿ ದಣದಾಳ್ರಿ ವಕೀಲರ. ಹಿರಿಯರು ಹೋಗಿ ಹೋಗಿ ಆಕಿನ್ನ ದಣಿಸ್ಯಾರ. ಆ ದಣಿವಿಗೆ ನಾ ಮೊಹರ ಹಾಕ್ಲೇನು?”

“ಹಂಗಾದ್ರ ಕೋರ್ಟಿನ್ಯಾಗ ಇನ್ನೂ ವರ್ಷಗಟ್ಟಲೆ ಅಲೀಲಿ ಅಂತೀರಿ.”

ಬಾಯಾರು ಬೆಂಚಿನ ಮೇಲೆ ಕೂತರು. ಪಕ್ಕದಲ್ಲಿ ಆ ಬುಟ್ಟಿ ಇತ್ತು. ಫಕೀರಪ್ಪನ ಹೆಂಡತಿ ಬಂದು, ಬಾಯಾರ ಮುಖವನ್ನೂ ನೋಡದೆ, ಬುಟ್ಟಿ ಎತ್ತಿಕೊಂಡು ಹೋದಳು. ತುಂಬಲು ತಂದ ಉಡಿ ತುಂಬದೆ ಮನೆಗೆ ಹೊರಟಿತು. ಅಂಥದ್ದನ್ನು ನಮ್ಮಲ್ಲಿ ಯಾರೂ ಮರೆಯುವುದಿಲ್ಲ. “ನನಗ ಈ ಹೆಣ್ಣಮಗಳ ಶಾಪ ತಟ್ಟತೈತಿ” ಎಂದರು ಬಾಯಾರು ತಮಗೆ ತಾವೇ. ನನಗೆ ಅವರ ಮೇಲೆ ಆಗ ಮರುಕ ಬರಲಿಲ್ಲ, ಖರೆ ಹೇಳುತ್ತೇನೆ. ಕೆಟ್ಟ ಹಟ ಎಂದೇ ಅನ್ನಿಸಿತು. ಇಂಥ ವರದಿಗಳು ಹೆಚ್ಚಾದಾಗ ಮೇಲಿನವರೂ ಬಾಯಾರನ್ನು ಕರೆದು ಕೇಳಿದರು. ಅವರೇನು ಹೇಳಿದರೋ, ಆ ಮೇಲೆ ಅವರ ಟೇಬಲ್ಲಿಗೆ ಕೇಸುಗಳು ಕಡಿಮೆ ಬರತೊಡಗಿದವು.

ಆ ವರ್ಷದ ಪಂಚಮಿ ಬಂತು. ಫಕೀರಪ್ಪ ತಂಗಿಯನ್ನು ಕರೆಯಲು ಹೋಗಲಿಲ್ಲ, ಆಕೆಯೂ ಬರಲಿಲ್ಲ. ಹಬ್ಬ ಮುಗಿದ ಮೇಲೆ ಆತ ನನ್ನ ಕಚೇರಿಗೆ ಬಂದ. ಕೇಸಿನ ಸುದ್ದಿ ಕೇಳಲಿಲ್ಲ. ಕೂತವನೇ, “ಸಾಹೇಬ್ರ, ಆ ಉಡಿ ಕಾಯಿ ಏನ್ ಮಾಡೂದ್ರಿ?” ಎಂದ.

ನನಗೆ ಅರ್ಥವಾಗಲಿಲ್ಲ.

“ಬಾಳಿಹಣ್ಣು ಕೊಳತ್ವು. ಅಕ್ಕಿ ಆಕಳಕ್ಕ ಹಾಕಿದ್ವಿ. ಖಣಾ ಟ್ರಂಕಿನ್ಯಾಗ ಐತಿ. ಕಾಯಿ ದೇವರ ಜಗಲಿ ಮ್ಯಾಲ ಕುಂತೈತ್ರಿ. ಒಡದು ತಿಂದ್ರ ಆಕಿದು ತಿಂದಂಗ. ಮಂದಿಗೆ ಕೊಟ್ರ ಆಕಿ ಉಡಿ ಮಂದಿಗೆ ಕೊಟ್ಟಂಗ. ದಿನಾ ಬೆಳಿಗ್ಗೆ ಕೈ ಮುಗಿಯಾಕ ಹೋದ್ರ ದೇವರಿಗಿಂತ ಮೊದಲ ಅದಾ ಕಾಣತೈತಿ.”

“ಹಂಗಾದ್ರ ಹೋಗಿ ಕೊಟ್ಟು ಬಾರೋ ಮಾರಾಯಾ.”

“ಹ್ಯಾಂಗ ಹೋಗ್ಲಿರಿ? ಏನಂತ ಕೊಡ್ಲಿ?” ಎಂದು ಎದ್ದು ಹೋದ. ನಾನೂ ಮುಂದಿನ ಫೈಲಿಗೆ ಕೈ ಹಾಕಿದೆ. ಹೇಳಿದೆನಲ್ಲ, ನಮ್ಮದು ಹೀಗೇ.

ಬಾಯಾರಿಗೆ ಉಸಿರಾಟದ ತೊಂದರೆ ಶುರುವಾಯಿತು. ಬಸ್ಸಿನ ಓಡಾಟ ನಿಂತಿತು. ಲಕ್ಷ್ಮೇಶ್ವರಕ್ಕೆ ಒಮ್ಮೆ ನೋಡಲು ಹೋಗಿದ್ದೆ. ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಮಡಿಲಲ್ಲಿ ಮೊರದ ತುಂಬ ಶೇಂಗಾ. ಸುಲಿಯಲು ಕಸುವಿಲ್ಲ, ಸುಮ್ಮನೆ ಬೆರಳಾಡಿಸುತ್ತಿದ್ದರು. “ಬೆಟಗೇರಿ ಹೆಣ್ಣಮಗಳದು ಏನಾತ್ರಿ?” ಎಂಬುದೇ ಮೊದಲ ಪ್ರಶ್ನೆ. ಸಾಕ್ಷಿ ನಡೆದಿದೆ ಎಂದೆ. “ನಾ ತಪ್ಪ ಮಾಡಿದ್ನೇನ್ರಿ?” ಎಂದರು. ನಾನು ತೆಂಗಿನಕಾಯಿಯ ಕಥೆ ಹೇಳಿದೆ. ಬಾಯಾರು ಚಾಳೀಸು ತೆಗೆದು ಒರೆಸುತ್ತಾ ಕೂತರು. ನಾನು ಅಳುತ್ತಿರಲಿಲ್ಲ. ಆದರೂ ಒರೆಸಿದರು. ಆಮೇಲೆ ಅವರನ್ನು ನಾನು ಕಂಡದ್ದು ಹೂವಿನಡಿಯಲ್ಲೇ.

ಶ್ರದ್ಧಾಂಜಲಿ ಸಭೆಯಾದ ಮರುವಾರ ಹೊಸ ಅಭಿಯಾನದಲ್ಲಿ ಫಕೀರಪ್ಪನ ಕೇಸನ್ನು ಮತ್ತೆ ಕೇಂದ್ರಕ್ಕೆ ಕಳಿಸಿದರು. ಈಗ ಅಲ್ಲಿ ಕೂಡುವವನು ಒಬ್ಬ ಹುಡುಗ ವಕೀಲ. ಒಳ್ಳೆಯವನೇ, ಆದರೆ ಕಣ್ಣು ಗಡಿಯಾರದ ಮೇಲೆ. ಟೇಬಲ್ಲಿನ ಮೇಲೆ ಶೇಂಗಾ ಇಲ್ಲ, ಪ್ಲಾಸ್ಟಿಕ್ಕಿನ ಹೂವಿದೆ. ಮೊಳೆ ಮಾತ್ರ ಹಾಗೇ ಇದೆ, ಅದಕ್ಕೆ ಯಾರೋ ಕ್ಯಾಲೆಂಡರು ಹಾಕಿದ್ದಾರೆ. ನೀಲವ್ವ ಮೊದಲೇ ಬಂದು ಕೂತಿದ್ದಳು. ಮೊದಲಿಗಿಂತ ಬಡಕಲಾಗಿದ್ದಳು. ಫಕೀರಪ್ಪ ಮತ್ತು ಆತನ ಹೆಂಡತಿ ಬಂದರು. ಇಬ್ಬರ ಕೈಯೂ ಖಾಲಿ.

“ನೋಡ್ರಿ, ಇವತ್ತು ಮುಗಿಸಿಬಿಡೋಣು” ಎಂದ ಹುಡುಗ. “ನೀವು ಎಷ್ಟು ಬಿಡ್ತೀರಿ, ನೀವು ಎಷ್ಟು ತಗೋತೀರಿ, ಹೇಳಿಬಿಡ್ರಿ.”

ಫಕೀರಪ್ಪ ನನ್ನ ಕಡೆ ನೋಡಲಿಲ್ಲ, ಆತನ ಕಡೆಯೂ ನೋಡಲಿಲ್ಲ. ತಂಗಿಯ ಕಡೆ ತಿರುಗಿ ಹೇಳಿದ, “ಮಗ್ಗಾ ಬಿಚ್ಚೀನಿ. ಕುಣಿ ಮಣ್ಣು ಹಾಕಿ ಮುಚ್ಚೀನಿ. ಬೀದಿ ಕಡೆ ಬಾಗಲಕ್ಕ ಹೊಸಾ ಚಿಲಕಾ ಹಾಕ್ಸೀನಿ, ಒಳಗಿಂದ. ನಿನ್ನ ಹೆಸರಿಗೆ ಬರಕೋ.”

ನನಗೂ ಈ ಮಾತು ಮೊದಲೇ ತಿಳಿಸಿರಲಿಲ್ಲ ಆತ. ನೀಲವ್ವ ಅಣ್ಣನ ಕಡೆ ತಿರುಗಿದಳು.

“ಅಪ್ಪ ತೋಡಿದ ಕುಣಿ ಮುಚ್ಚಿದೇನಣ್ಣಾ?”

“ಮತ್ತ ಏನ್ ಮಾಡ್ಲಿ? ಆ ಕುಣಿ ಇಟಗೊಂಡು ನಾ ಏನ್ ಮಾಡ್ಲಿ, ನೀ ಇಲ್ಲದ?”

ಹುಡುಗ ಜಲ್ದಿ ಜಲ್ದಿ ಕಾಗದ ಮುಗಿಸಿದ. ನೀಲವ್ವ ಎರಡೆರಡು ಸಲ ಓದಿಸಿದಳು, ಕೋಣೆಯ ಅಳತೆ ಹೇಳಿಸಿದಳು, ನಲ್ಲಿ ನೀರಿಗೆ ಹೋಗುವ ಹಾದಿ ಬರೆಯಿಸಿದಳು. ಹುಡುಗ ಗಡಿಯಾರ ನೋಡಿದ, ಆಕೆ ನೋಡಲಿಲ್ಲ. ಆಕೆ ಈ ಸಲ ದಣಿದಿರಲಿಲ್ಲ. ಸಹಿ ಮಾಡಿ ಪೆನ್ನು ಕೆಳಗಿಟ್ಟ ಮೇಲೆ ಫಕೀರಪ್ಪ ಎದ್ದು ನನ್ನನ್ನು ಕೇಳಿದ, “ಇನ್ನ ಒಳಗ ತರಬಹುದೇನ್ರಿ?”

“ಏನನ್ನ?”

“ಉಡಿ. ಪಡಸಾಲ್ಯಾಗ ಬೆಂಚಿನ ಮ್ಯಾಲ ಇಟ್ಟೀವಿ. ಬಾಯಾರು ಇದ್ದಿದ್ರ ಬೈತಿದ್ರು.”

ಹುಡುಗನಿಗೆ ಏನೂ ತಿಳಿಯಲಿಲ್ಲ. ನಾನು ಹೂಂ ಎಂದೆ. ಆತನ ಹೆಂಡತಿ ಬುಟ್ಟಿ ತಂದಳು. ಹೊಸ ಅಕ್ಕಿ, ಹೊಸ ಹಣ್ಣು, ಟ್ರಂಕಿನ ವಾಸನೆಯ ಹಳೆಯ ಖಣ. ನೀಲವ್ವ ಸೆರಗು ಒಡ್ಡಿದಳು. ಅತ್ತಿಗೆ ಅಕ್ಕಿ ಹಾಕಿ, ಎಲೆ ಅಡಿಕೆ ಹಾಕಿ, ಕಾಯಿ ಇಟ್ಟಾಗ ಅದು ಉಡಿಯೊಳಗೆ ಲೊಡಕ್ಕೆಂದು ಸದ್ದು ಮಾಡಿತು. ನೀಲವ್ವ ಕಾಯಿ ಎತ್ತಿ ಕಿವಿಯ ಬಳಿ ಅಲ್ಲಾಡಿಸಿದಳು. ನೀರೆಲ್ಲ ಇಂಗಿ, ಒಳಗಿನ ಕೊಬ್ಬರಿ ಬಿಟ್ಟುಕೊಂಡು ಗಿಟಕವಾಗಿತ್ತು.

“ಅಣ್ಣಾ, ಇದು ಅವತ್ತಿಂದೇನು?”

“ಅವತ್ತಿಂದ ಅದು. ನಿಂದು ಅಂತ ತಂದಿದ್ದು, ಇನ್ನ್ಯಾರ ಉಡ್ಯಾಗ ಹಾಕ್ಲೇ ಹುಚ್ಚಿ?”

ನೀಲವ್ವ ಆ ಗಿಟಕವನ್ನು ಎದೆಗೊತ್ತಿಕೊಂಡು ಅತ್ತಳು, ದನಿ ತೆಗೆದು ಅತ್ತಳು. ಹುಡುಗ ವಕೀಲ ಕಣ್ಣು ಬಿಟ್ಟು ನೋಡುತ್ತಿದ್ದ. ನಾನು ಕನ್ನಡಕ ತೆಗೆದು ಒರೆಸತೊಡಗಿದೆ. ಆಕೆ ಅತ್ತು ಮುಗಿಸುವ ತನಕ ಒರೆಸಿದೆ.

ತಿಂಗಳ ವರದಿಯಲ್ಲಿ ಆ ಕೇಸು ಹುಡುಗನ ಹೆಸರಿನಲ್ಲಿ ಬಂತು, ಬೇಗ ಮುಗಿಸಿದನೆಂದು ಶಹಬಾಸ್ ಅನ್ನಿಸಿಕೊಂಡ. ಬಾಯಾರ ಹೆಸರಿನ ಮುಂದೆ ಅದು ‘ರಾಜಿ ಆಗಿಲ್ಲ’ ಎಂದೇ ಇದೆ. ಹಾಗೇ ಇರಲಿ.